ಮನೆಗೆ ಬೆಂಕಿಯ ಕಾವಲು: ಅಲಾರಂ, ಸಿಲಿಂಡರ್, ಬ್ಲಾಂಕೆಟ್, ಏಣಿ – ಮೊದಲು ಯಾವುದು?

ಬೆಂಕಿಯಿಂದ ಮನೆ ಕಾಪಾಡಿಕೊಳ್ಳಲು ಏನು ತಗೊಳ್ಳಬೇಕು ಎಂದು ಕೇಳುವವರಲ್ಲಿ ಹೆಚ್ಚಿನವರು ಮನಸ್ಸಿನಲ್ಲಿ ಆಗಲೇ ಬೆಂಕಿ ಆರಿಸುವ ಒಂದು ಕೆಂಪು ಸಿಲಿಂಡರ್ ಇಟ್ಟುಕೊಂಡೇ ಬಂದಿರುತ್ತಾರೆ. ಒಂದು ಕಿಲೋದ್ದು ಸಾಕಾ, ಎರಡು ಕಿಲೋದ್ದು ಬೇಕಾ ಅನ್ನುವುದಷ್ಟೇ ಅವರ ಪ್ರಶ್ನೆ. ಇನ್ನು ಕೆಲವರು ಅಲಾರಂ, ಗ್ಯಾಸ್ ಡಿಟೆಕ್ಟರ್, ಫೈರ್ ಬ್ಲಾಂಕೆಟ್ (ಉರಿಯ ಮೇಲೆ ಹೊದಿಸುವ, ಬೆಂಕಿ ತಡೆಯುವ ಬಟ್ಟೆ), ಹಗ್ಗದ ಏಣಿ, ಹೊಗೆ ಮುಖವಾಡ ಎಲ್ಲವನ್ನೂ ನೋಡಿ ನೋಡಿ ತಲೆ ಕೆಟ್ಟು, ಯಾವುದನ್ನೂ ಕೊಳ್ಳದೆ ಸುಮ್ಮನಾಗುತ್ತಾರೆ. ಈ ಎರಡನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲನೆಯವರೂ ಓದಲಿ. ಸಿಲಿಂಡರ್ ನನ್ನ ಪಟ್ಟಿಯಲ್ಲಿ ಮೊದಲು ಬರುವುದಿಲ್ಲ.

ಯಾವ ಅಳತೆಯಿಂದ ಅಳೆಯಬೇಕು

ಪ್ರತಿ ವಸ್ತುವನ್ನು ನೋಡಿದಾಗಲೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇದು ನಮಗೆ ಸಮಯ ಕೊಡುತ್ತದೆಯೇ, ಇಲ್ಲಾ ಇರುವ ಸಮಯವನ್ನೂ ತಿಂದುಹಾಕುತ್ತದೆಯೇ?

ಯಾಕೆಂದರೆ ಸಿಗುವ ಸಮಯವೇ ಬಹಳ ಕಡಿಮೆ. ಮನೆಗೆ ಬೆಂಕಿ ಬಿದ್ದರೆ ಹೊರಗೆ ಬರಲು ಕೆಲವು ದಶಕಗಳ ಹಿಂದೆ ಸುಮಾರು 17 ನಿಮಿಷ ಸಿಗುತ್ತಿತ್ತು, ಈಗ ಸಿಗುವುದು 3 ನಿಮಿಷ ಅಥವಾ ಅದಕ್ಕೂ ಕಡಿಮೆ ಎಂದು ವಸ್ತುಗಳ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಯುಎಲ್ ಸಂಸ್ಥೆಯ ಸಂಶೋಧಕರು ಪ್ರಯೋಗ ಮಾಡಿ ಹೇಳಿದ್ದಾರೆ. ಕಾರಣ ಮನೆಯೊಳಗೇ ಇದೆ. ಹಳೆಯ ಮರದ ಪೀಠೋಪಕರಣ, ಹತ್ತಿಯ ಹಾಸಿಗೆ ನಿಧಾನವಾಗಿ ಉರಿಯುತ್ತಿದ್ದವು. ಈಗಿನ ಫೋಮ್ ಸೋಫಾ, ಪಾಲಿಯೆಸ್ಟರ್ ಪರದೆ, ಅಂಟು ಹಾಕಿ ಒತ್ತಿದ ಹಲಗೆ ಭಗ್ಗನೆ ಹೊತ್ತಿಕೊಳ್ಳುತ್ತವೆ, ಜೊತೆಗೆ ವಿಷದ ಹೊಗೆ ಬಿಡುತ್ತವೆ. ಜನ ಸಾಯುವುದು ಹೆಚ್ಚಾಗಿ ಆ ಹೊಗೆಯಿಂದ, ಉರಿಯಿಂದಲ್ಲ.

ಎರಡನೆಯ ಪ್ರಶ್ನೆ: ಎಲ್ಲರೂ ಮಲಗಿರುವಾಗಲೂ ಇದು ಕೆಲಸ ಮಾಡುತ್ತದೆಯೇ? ಹೊಗೆ ಬಂದರೆ ಮೂಗಿಗೆ ಗೊತ್ತಾಗಿ ಎಚ್ಚರ ಆಗುತ್ತದೆ ಎಂದು ನಂಬಿದವರು ಬಹಳ ಮಂದಿ. ನಿದ್ದೆಯಲ್ಲಿ ಮೂಗು ಅಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್ ನಿದ್ದೆಯನ್ನು ಇನ್ನೂ ಗಾಢ ಮಾಡುತ್ತದೆ.

ಮೂರನೆಯದು: ಮನೆಯಲ್ಲಿ ಎಲ್ಲರಿಗಿಂತ ಕೈಲಾಗದವರು ಯಾರೋ ಅವರಿಗೆ ಇದು ಉಪಯೋಗಕ್ಕೆ ಬರುತ್ತದೆಯೇ? ಕಿವಿ ಕೇಳಿಸದ ಅಜ್ಜ, ಎಂಟು ವರ್ಷದ ಮಗಳು, ಬಾಣಂತಿ, ಕಾಲು ಮುರಿದುಕೊಂಡು ಮಲಗಿದ ಅಣ್ಣ. ಕೊಂಡು ತಂದವರ ಕೈಗೆ ಮಾತ್ರ ಒಗ್ಗುವ ವಸ್ತು ಅವರು ಮನೆಯಲ್ಲಿಲ್ಲದ ದಿನ ಸುಮ್ನೆ ಗೋಡೆಯ ಮೇಲಿರುತ್ತದೆ.

ಆಮೇಲೆ, ಐದು ವರ್ಷ ಬಿಟ್ಟೂ ಅದು ಕೆಲಸ ಮಾಡುತ್ತದೆಯೇ ಎನ್ನುವುದು. ಬೆಲೆಯನ್ನು ನಾನು ಕೊನೆಗೆ ನೋಡುತ್ತೇನೆ. ಅದೂ ಡಬ್ಬಿಯ ಮೇಲಿನ ಬೆಲೆಯೊಂದನ್ನೇ ಅಲ್ಲ, ಬ್ಯಾಟರಿ, ರೀಫಿಲ್, ಆಯಸ್ಸು ಮುಗಿದಾಗ ಹೊಸದು ತರುವ ಖರ್ಚು ಎಲ್ಲ ಸೇರಿಸಿ.

ದುಡ್ಡು ಬೇಡದ ಆಯ್ಕೆಯೂ ಲೆಕ್ಕಕ್ಕಿದೆ

ಅಂಗಡಿಗೆ ಹೋಗುವ ಮೊದಲು ಪುಕ್ಕಟೆ ಸಿಗುವುದನ್ನು ಇದೇ ಅಳತೆಯಲ್ಲಿ ತೂಗಿ ನೋಡೋಣ. ರಾತ್ರಿ ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡು ಮಲಗುವುದು. ಇಷ್ಟೇನಾ ಅನ್ನಿಸಬಹುದು. ಆದರೆ ಯುಎಲ್ ಪ್ರಯೋಗಗಳಲ್ಲಿ, ಬಾಗಿಲು ತೆರೆದಿದ್ದ ಕೋಣೆ 500 ಡಿಗ್ರಿ ಸೆಲ್ಸಿಯಸ್ ದಾಟಿದ ಹೊತ್ತಿನಲ್ಲಿ ಬಾಗಿಲು ಮುಚ್ಚಿದ ಪಕ್ಕದ ಕೋಣೆ 40 ಡಿಗ್ರಿಯ ಆಸುಪಾಸಿನಲ್ಲಿತ್ತು. ಮಾಮೂಲಿ ಬಾಗಿಲು, ವಿಶೇಷದ್ದೇನಲ್ಲ. ಕಾಸು ಖರ್ಚಿಲ್ಲದೆ ಇಷ್ಟು ಸಮಯ ಕೊಡುವ ವಸ್ತು ಈ ಬರಹದಲ್ಲಿ ಇನ್ನೊಂದಿಲ್ಲ.

ಇದಕ್ಕೂ ಒಂದು ತೊಡಕಿದೆ. ಬಾಗಿಲು ಮುಚ್ಚಿದರೆ ಹಜಾರದ ಅಲಾರಂ ಸದ್ದು ಒಳಗೆ ಸರಿಯಾಗಿ ಕೇಳಿಸುವುದಿಲ್ಲ. ಕೋಣೆಯೊಳಗೂ ಒಂದು ಅಲಾರಂ ಬೇಕಾಗುತ್ತದೆ. ಕೂಸಿರುವ ಮನೆಯವರು ಬಾಗಿಲು ತೆರೆದೇ ಇಡಬೇಕು ಅನ್ನುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ. ಕೂಸು ಬೇರೆ ಕೋಣೆಯಲ್ಲಿ ಮಲಗುವುದಾದರೆ ಬೇಬಿ ಮಾನಿಟರ್ ಇಟ್ಟು ಬಾಗಿಲು ಮುಚ್ಚಬಹುದು. ಅದಾಗದಿದ್ದರೆ ಅಡುಗೆಮನೆ ಮತ್ತು ಹಾಲ್‌ನ ಬಾಗಿಲನ್ನಾದರೂ ಮುಚ್ಚಿ ಮಲಗಿ.

ಇನ್ನೆರಡು ಪುಕ್ಕಟೆ ಕೆಲಸಗಳಿವೆ. ಪ್ರತಿ ಕೋಣೆಯಿಂದಲೂ ಹೊರಬರಲು ಎರಡು ದಾರಿ ಗುರುತಿಸಿಕೊಳ್ಳುವುದು ಒಂದು. ಹೊರಗೆ ಎಲ್ಲರೂ ಸೇರುವ ಒಂದು ಜಾಗ ಗೊತ್ತು ಮಾಡುವುದು ಇನ್ನೊಂದು. ಆ ಜಾಗ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಗೊತ್ತಲ್ವಾ? ಮಗ ಹಿಂದಿನ ಬಾಗಿಲಿಂದ ಹೊರಗೆ ಬಂದು ನಿಂತಿರುತ್ತಾನೆ, ಅಪ್ಪ ಅವನನ್ನು ಹುಡುಕುತ್ತಾ ಮತ್ತೆ ಒಳಗೆ ನುಗ್ಗುತ್ತಾನೆ. ಬಾಗಿಲಿಗೆ ಒಳಗಿನಿಂದ ಬೀಗ ಹಾಕುವ ಮನೆಗಳಲ್ಲಿ ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲೇ ಇರಲಿ. ಅದು ಮಕ್ಕಳ ಕೈಗೂ ಎಟುಕಬೇಕು.

ಹೊಗೆ ಅಲಾರಂ: ದುಡ್ಡು ಮೊದಲು ಇಲ್ಲಿಗೆ

ನನ್ನ ನಾಲ್ಕು ಪ್ರಶ್ನೆಗೂ ಚೆನ್ನಾಗಿ ಉತ್ತರ ಕೊಡುವ ವಸ್ತು ಹೊಗೆ ಅಲಾರಂ ಒಂದೇ. ಸಮಯ ಕೊಡುತ್ತದೆ, ನಾವು ಮಲಗಿದಾಗಲೂ ಎದ್ದಿರುತ್ತದೆ, ಯಾರೂ ಅದನ್ನು ಎತ್ತಬೇಕಿಲ್ಲ, ಗುರಿ ಹಿಡಿಯಬೇಕಿಲ್ಲ. ಗೊಂದಲ ಇರುವುದು ಯಾವ ಬಗೆಯದ್ದು ಎನ್ನುವಲ್ಲಿ.

ಒಳಗಿನ ಸೆನ್ಸರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಅಯೊನೈಸೇಷನ್ ಬಗೆಯಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ವಸ್ತುವಿನ ಒಂದು ಚೂರು ಇರುತ್ತದೆ. ಅದು ಎರಡು ತಟ್ಟೆಗಳ ನಡುವಿನ ಗಾಳಿಯಲ್ಲಿ ಸಣ್ಣದೊಂದು ವಿದ್ಯುತ್ ಹರಿಯುವಂತೆ ಮಾಡುತ್ತದೆ. ಹೊಗೆ ನುಗ್ಗಿದಾಗ ಆ ಹರಿವು ತಗ್ಗಿ ಅಲಾರಂ ಕೂಗುತ್ತದೆ. ಫೋಟೋಎಲೆಕ್ಟ್ರಿಕ್ ಬಗೆಯಲ್ಲಿ ಕತ್ತಲೆಯ ಪುಟ್ಟ ಗೂಡಿನೊಳಗೆ ಒಂದು ಬೆಳಕಿನ ಕಿರಣ ಇರುತ್ತದೆ. ಹೊಗೆಯ ಕಣ ಒಳಗೆ ಬಂದರೆ ಬೆಳಕು ಚದುರಿ ಪಕ್ಕದ ಸೆನ್ಸರ್ ಮೇಲೆ ಬೀಳುತ್ತದೆ.

ವ್ಯತ್ಯಾಸ ಎಲ್ಲಿ ಕಾಣುತ್ತದೆ? ಕಾಗದದ ರಾಶಿಯೋ ಪರದೆಯೋ ಧಗಧಗ ಉರಿಯುವಾಗ ಹೊಗೆಯ ಕಣಗಳು ತೀರಾ ಸಣ್ಣವು. ಅದನ್ನು ಅಯೊನೈಸೇಷನ್ ಸ್ವಲ್ಪ ಬೇಗ ಹಿಡಿಯುತ್ತದೆ. ಸಿಗರೇಟಿನ ಕಿಡಿ ಹಾಸಿಗೆಗೆ ಬಿದ್ದು ಉರಿಯಿಲ್ಲದೆ ಗಂಟೆಗಟ್ಟಲೆ ಹೊಗೆಯಾಡುವಾಗ, ವೈರು ಒಳಗೊಳಗೇ ಬೇಯುವಾಗ, ಕಣಗಳು ದೊಡ್ಡವು. ಅದನ್ನು ಫೋಟೋಎಲೆಕ್ಟ್ರಿಕ್ ಎಷ್ಟೋ ಮುಂಚೆ ಹಿಡಿಯುತ್ತದೆ. ರಾತ್ರಿ ಮಲಗಿದವರ ಪಾಲಿಗೆ ಹೆಚ್ಚು ಅಪಾಯ ಈ ಎರಡನೆಯದರಿಂದ.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಇದೇ ನಿರ್ಣಾಯಕ. ಅಯೊನೈಸೇಷನ್ ಅಲಾರಂ ಒಗ್ಗರಣೆ ಹೊಗೆಗೂ, ಸೀದ ಬ್ರೆಡ್ಡಿಗೂ ಜಾಸ್ತಿ ಕೂಗುತ್ತದೆ. ಎರಡು ಸಲ ಕೂಗಿದರೆ ಸಹಿಸುತ್ತೇವೆ. ಮೂರನೆಯ ಸಲ ಸ್ಟೂಲ್ ಹತ್ತಿ ಬ್ಯಾಟರಿ ಕಿತ್ತು ಡ್ರಾಯರ್‌ಗೆ ಹಾಕುತ್ತೇವೆ. ಬ್ಯಾಟರಿ ಇಲ್ಲದ ಅಲಾರಂಗಿಂತ ಅಲಾರಂ ಇಲ್ಲದಿರುವುದೇ ವಾಸಿ, ಸುಳ್ಳು ಧೈರ್ಯವಾದರೂ ಇರುವುದಿಲ್ಲ. ಆದ್ದರಿಂದ ಒಂದೇ ಬಗೆ ಕೊಳ್ಳುವುದಾದರೆ ಫೋಟೋಎಲೆಕ್ಟ್ರಿಕ್ ಕೊಳ್ಳಿ. ಬಚ್ಚಲಿನ ಬಿಸಿ ಆವಿ ಇದಕ್ಕೆ ಆಗಿಬರುವುದಿಲ್ಲ, ಬಚ್ಚಲ ಬಾಗಿಲ ಎದುರು ಹಾಕಬೇಡಿ. ಎರಡೂ ಸೆನ್ಸರ್ ಇರುವ ಅಲಾರಂ ಕೂಡ ಸಿಗುತ್ತದೆ. ಬೆಲೆ ಹೆಚ್ಚು, ದುಡ್ಡಿದ್ದರೆ ತಪ್ಪಿಲ್ಲ. ಆದರೆ ಒಂದು ಜೋಡಿ ಸೆನ್ಸರಿನ ಅಲಾರಂ ಹಾಲ್‌ನಲ್ಲಿ ಇಡುವುದಕ್ಕಿಂತ ಅದೇ ದುಡ್ಡಿಗೆ ಎರಡು ಫೋಟೋಎಲೆಕ್ಟ್ರಿಕ್ ತಂದು ಎರಡು ಕೋಣೆಯಲ್ಲಿ ಹಾಕುವುದೇ ನನಗೆ ಸರಿ ಕಾಣುತ್ತದೆ. ಹೊಗೆ ಅಲಾರಂಗೆಂದು ಇರುವ ಯುಎಲ್ 217 ಮಾನದಂಡದ 8ನೇ ಅಥವಾ ನಂತರದ ಆವೃತ್ತಿಗೆ ಹೊಂದುವ ಹೊಸ ಅಲಾರಂಗಳು ಅಡುಗೆ ಹೊಗೆಯನ್ನೂ ನಿಜವಾದ ಬೆಂಕಿಯನ್ನೂ ಬೇರೆ ಮಾಡಿ ನೋಡುವಂತೆ ಪರೀಕ್ಷೆ ಪಾಸಾದವು. ಸಿಕ್ಕರೆ ಅದನ್ನೇ ಆರಿಸಿ.

ಅಡುಗೆಮನೆಯೊಳಗೆ ಹೊಗೆ ಅಲಾರಂ ಬೇಡ. ಒಲೆಯಿಂದ ಕನಿಷ್ಠ 3 ಮೀಟರ್ ದೂರ ಇರಲಿ. ಒಳಗೇ ಬೇಕೆನಿಸಿದರೆ ಶಾಖದ ಅಲಾರಂ ಅಂತ ಬೇರೆ ಬರುತ್ತದೆ. ಅದು ಹೊಗೆ ನೋಡುವುದಿಲ್ಲ, ಚಾವಣಿಯ ಬಳಿ ಬಿಸಿ ಸುಮಾರು 57–60 ಡಿಗ್ರಿ ಮುಟ್ಟಿದಾಗ ಕೂಗುತ್ತದೆ. ಅಡುಗೆಮನೆಗೆ, ಗ್ಯಾರೇಜಿಗೆ ಸರಿ. ಮಲಗುವ ಕೋಣೆಗೆ ಖಂಡಿತ ಬೇಡ. ಅಲ್ಲಿ ಅಷ್ಟು ಬಿಸಿಯಾಗುವ ಹೊತ್ತಿಗೆ ಹೊಗೆ ತನ್ನ ಕೆಲಸ ಮುಗಿಸಿರುತ್ತದೆ.

ಇನ್ನು ಬ್ಯಾಟರಿ. ಬದಲಾಯಿಸುವ ಬ್ಯಾಟರಿಯದ್ದು ಎಲ್ಲಕ್ಕಿಂತ ಅಗ್ಗ. ವರ್ಷಕ್ಕೊಮ್ಮೆ ಬ್ಯಾಟರಿ ಹಾಕಬೇಕು. ಬ್ಯಾಟರಿ ಸೋತಾಗ ನಿಮಿಷಕ್ಕೊಮ್ಮೆ ‘ಚಿಂಕ್’ ಎನ್ನುತ್ತದೆ. ಅದೂ ಬೆಳಗಿನ ಜಾವದ ಚಳಿಯಲ್ಲೇ ಶುರುವಾಗುವುದು, ಯಾಕೆಂದರೆ ತಣ್ಣಗಾದಾಗ ಸೋತ ಬ್ಯಾಟರಿಯ ಶಕ್ತಿ ಇನ್ನಷ್ಟು ಕುಗ್ಗುತ್ತದೆ. ನಿದ್ದೆಗಣ್ಣಲ್ಲಿ ಎದ್ದು ಮೂರು ಅಲಾರಂಗಳಲ್ಲಿ ಯಾವುದು ಎಂದು ಕತ್ತೆತ್ತಿ ಕಾಯುತ್ತಾ ನಿಂತರೆ, ಅದು ನಾವು ಬೇರೆ ಕೋಣೆಗೆ ಹೋದ ಮೇಲೆಯೇ ಕೂಗುವುದು! 10 ವರ್ಷದ ಲಿಥಿಯಂ ಬ್ಯಾಟರಿಯನ್ನು ಒಳಗೇ ಕೂರಿಸಿ ಮುಚ್ಚಿದ ಬಗೆಗೆ ಮೊದಲ ಖರ್ಚು ಹೆಚ್ಚು. ಆದರೆ ಹತ್ತು ವರ್ಷದ ಬ್ಯಾಟರಿ ಲೆಕ್ಕ ಹಾಕಿದರೆ ಕೊನೆಗೆ ವ್ಯತ್ಯಾಸ ಅಷ್ಟೇನೂ ಉಳಿಯುವುದಿಲ್ಲ. ಆಟಿಕೆಗೆಂದು ಯಾರೂ ಅದರ ಬ್ಯಾಟರಿ ಕದಿಯಲೂ ಆಗುವುದಿಲ್ಲ. ಬಾಡಿಗೆ ಮನೆಯವರಿಗೆ, ಮರೆಗುಳಿಗಳಿಗೆ, ಸ್ಟೂಲ್ ಹತ್ತಲಾಗದ ಹಿರಿಯರಿಗೆ ಇದೇ ಸರಿ. ಮನೆಯ ಕರೆಂಟಿಗೆ ವೈರು ಎಳೆದು ಕೂರಿಸುವ ಬಗೆ ಹೊಸ ಮನೆ ಕಟ್ಟುವವರಿಗೆ ಒಳ್ಳೆಯದು. ಕರೆಂಟ್ ಹೋದಾಗ ನಡೆಯಲು ಒಳಗೊಂದು ಬ್ಯಾಟರಿಯೂ ಇರಬೇಕು, ಅದನ್ನು ಕೇಳಿಯೇ ಕೊಳ್ಳಿ.

ಒಂದು ಕೂಗಿದರೆ ಮನೆಯ ಎಲ್ಲ ಅಲಾರಂ ಕೂಗುವಂತೆ ಒಂದಕ್ಕೊಂದು ಜೋಡಿಸಿದವು ಇವೆ. ಈಗ ವೈರಿಲ್ಲದೆಯೂ ಜೋಡಿಸಬಹುದು. ಒಂದೇ ಮಹಡಿಯ ಚಿಕ್ಕ ಮನೆಗೆ ಇದರ ಅಗತ್ಯವಿಲ್ಲ. ಎರಡು ಮಹಡಿ ಇದ್ದು, ಬಾಗಿಲು ಮುಚ್ಚಿ ಮಲಗುವ ಅಭ್ಯಾಸ ಇದ್ದರೆ ಇದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಕೆಳಗೆ ಅಡುಗೆಮನೆ ಪಕ್ಕದಲ್ಲಿ ಹೊಗೆ ಎದ್ದರೆ ಮೇಲಿನ ಕೋಣೆಯಲ್ಲೇ ಸದ್ದಾಗುತ್ತದೆ. ಫೋನಿಗೆ ಸಂದೇಶ ಕಳಿಸುವ ಸ್ಮಾರ್ಟ್ ಅಲಾರಂ ಬಗ್ಗೆಯೂ ಕೇಳುತ್ತಾರೆ. ಊರಿಗೆ ಹೋದಾಗ ತಿಳಿಯಲು ಚೆನ್ನ. ಮಲಗಿದವರನ್ನು ಎಬ್ಬಿಸುವುದರಲ್ಲಿ ಅದು ಮಾಮೂಲಿ ಅಲಾರಂಗಿಂತ ಹೆಚ್ಚೇನೂ ಮಾಡುವುದಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಎಚ್ಚರ. ಮಾಮೂಲಿ ಅಲಾರಂ 3 ಮೀಟರ್ ದೂರದಲ್ಲಿ 85 ಡೆಸಿಬೆಲ್ ಸದ್ದು ಮಾಡುತ್ತದೆ. ದೊಡ್ಡವರು ದಡಕ್ಕನೆ ಎದ್ದು ಕೂರುತ್ತಾರೆ, ಚಿಕ್ಕ ಮಕ್ಕಳು ಮಗ್ಗುಲು ಕೂಡ ಬದಲಾಯಿಸದೆ ಮಲಗಿರುತ್ತಾರೆ. ಕೀಚಲು ಸದ್ದಿಗಿಂತ 520 ಹರ್ಟ್ಸ್‌ನ ತಗ್ಗು ಸದ್ದಿಗೆ ಮಕ್ಕಳೂ ಕಿವಿ ಮಂದವಾದ ಹಿರಿಯರೂ ಬೇಗ ಏಳುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಆ ಸದ್ದಿನವು ಸಿಗುತ್ತವೆ, ತುಟ್ಟಿ. ಪೂರ್ತಿ ಕಿವುಡಿದ್ದವರಿಗೆ ದಿಂಬಿನ ಕೆಳಗೆ ಇಡುವ ಕಂಪನದ ಪ್ಯಾಡ್, ಮಿನುಗುವ ದೀಪ ಇರುವುದನ್ನೇ ತರಬೇಕು. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅಲಾರಂನ ಟೆಸ್ಟ್ ಗುಂಡಿ ಒತ್ತಿ ನೋಡಿ. ಏಳಲಿಲ್ಲ ಅಂದರೆ ಯಾವ ಮಗುವನ್ನು ಯಾರು ಎತ್ತಿಕೊಂಡು ಬರಬೇಕು ಎಂದು ಅಲ್ಲೇ ತೀರ್ಮಾನ ಮಾಡಿ.

ಗ್ಯಾಸ್ ಡಿಟೆಕ್ಟರ್, ಕಾರ್ಬನ್ ಮೊನಾಕ್ಸೈಡ್ ಅಲಾರಂ

ಹೊಗೆ ಅಲಾರಂ ಇದ್ದರೆ ಗ್ಯಾಸ್ ಸೋರಿದ್ದೂ ಗೊತ್ತಾಗುತ್ತದೆ ಎಂದುಕೊಂಡವರಿದ್ದಾರೆ. ಆಗುವುದಿಲ್ಲ. ಮೂರೂ ಬೇರೆ ಬೇರೆ ಯಂತ್ರ.

ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಅದರ ಡಿಟೆಕ್ಟರ್ ನೆಲದಿಂದ 30 ಸೆಂಟಿಮೀಟರ್ ಒಳಗೆ ಇರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಅದರ ಡಿಟೆಕ್ಟರ್ ಚಾವಣಿ ಹತ್ತಿರ. ಸಿಲಿಂಡರ್ ಬಿಟ್ಟು ಪೈಪಿನ ಗ್ಯಾಸ್‌ಗೆ ಬದಲಾದ ಮನೆಗಳಲ್ಲಿ ಹಳೆಯ ಡಿಟೆಕ್ಟರ್ ಕೆಳಗೇ ಉಳಿದಿರುತ್ತದೆ, ಇದ್ದೂ ಇಲ್ಲದ ಹಾಗೆ. ಸೋರಿದ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಎಕ್ಸಾಸ್ಟ್ ಫ್ಯಾನ್ ಕೂಡ ಮುಟ್ಟಬೇಡಿ. ಕೈಗೆಟಕಿದರೆ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗ್ಯಾಸ್ ಗೀಸರ್, ಇದ್ದಿಲ ಒಲೆ, ಮನೆಯೊಳಗೆ ಅಥವಾ ಕಿಟಕಿ ಪಕ್ಕ ಓಡಿಸುವ ಜನರೇಟರ್ ಇರುವ ಮನೆಗೆ ಅದರ ಅಲಾರಂ ಬೇಕೇ ಬೇಕು. ಎಲ್ಲವೂ ಕರೆಂಟಿನಲ್ಲೇ ನಡೆಯುವ ಮನೆಗೆ ಈ ಎರಡರ ಬದಲು ಇನ್ನೊಂದು ಹೊಗೆ ಅಲಾರಂ ತರುವುದು ಮೇಲು.

ಕೆಂಪು ಸಿಲಿಂಡರ್: ಹತ್ತು ಸೆಕೆಂಡಿನ ಆಟ

ಒಂದು ಕಿಲೋ ಪುಡಿಯ ಸಿಲಿಂಡರ್ ಹಿಡಿಕೆ ಒತ್ತಿದ ಮೇಲೆ ಎಷ್ಟು ಹೊತ್ತು ನಡೆಯುತ್ತದೆ? ಹತ್ತು ಸೆಕೆಂಡ್ ದಾಟುವುದಿಲ್ಲ. ಇದನ್ನು ಹೇಳಿದರೆ ಬಹಳ ಮಂದಿ ನಂಬುವುದಿಲ್ಲ. ಮೊದಲ ಸಲ ಬಳಸುವವರು ಅದರಲ್ಲಿ ಅರ್ಧವನ್ನು ಗಾಬರಿಯಲ್ಲಿ ಉರಿಯ ತುದಿಗೆ ಹೊಡೆದು ಮುಗಿಸುತ್ತಾರೆ. ಹೊಡೆಯಬೇಕಾದ್ದು ಬುಡಕ್ಕೆ. ಪಿನ್ ಎಳೆಯುವಾಗ ಹಿಡಿಕೆಯನ್ನೂ ಒತ್ತಿ ಹಿಡಿದಿದ್ದರೆ ಪಿನ್ ಬರುವುದೇ ಇಲ್ಲ, ಸಿಕ್ಕಿಕೊಳ್ಳುತ್ತದೆ. ಕೈ ಸಡಿಲ ಬಿಟ್ಟು, ಪಿನ್ ತಿರುಚಿ ಪ್ಲಾಸ್ಟಿಕ್ ಸೀಲ್ ಮುರಿದು ಎಳೆಯಬೇಕು. ಆಮೇಲೆ ಮೂತಿ ಬುಡಕ್ಕೆ ಹಿಡಿದು, ಒತ್ತಿ, ಅತ್ತಿತ್ತ ಬೀಸಬೇಕು.

ನನ್ನ ಮೊದಲ ಪ್ರಶ್ನೆಗೆ ಸಿಲಿಂಡರ್ ಕೊಡುವ ಉತ್ತರ ಅರ್ಧಂಬರ್ಧ. ಬೆಂಕಿ ಕಸದ ಬುಟ್ಟಿಯಷ್ಟಿದ್ದಾಗ ಅದು ಮನೆ ಉಳಿಸುತ್ತದೆ. ಅದಕ್ಕಿಂತ ದೊಡ್ಡದಾಗಿದ್ದರೆ ಓಡಬೇಕಾದವರನ್ನು ನಿಲ್ಲಿಸಿಕೊಳ್ಳುತ್ತದೆ. ಆದ್ದರಿಂದ ಬೇರೆಯವರು ಹೊರಗೆ ಹೋಗುತ್ತಿರಬೇಕು, ಒಬ್ಬರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡುತ್ತಿರಬೇಕು, ಸಿಲಿಂಡರ್ ಹಿಡಿದವರ ಬೆನ್ನಿಗೆ ಬಾಗಿಲು ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮುಟ್ಟಬೇಡಿ.

ಬಗೆಗಳಲ್ಲಿ ಎಬಿಸಿ ಪುಡಿ ಎಲ್ಲ ಕಡೆ ಸಿಗುತ್ತದೆ. ಮರ, ಬಟ್ಟೆ, ಪೆಟ್ರೋಲ್, ಕರೆಂಟಿನ ಬೆಂಕಿ ಎಲ್ಲಕ್ಕೂ ನಡೆಯುತ್ತದೆ, ಬೆಲೆಯೂ ಕಡಿಮೆ. ತೊಡಕು ಏನೆಂದರೆ ಚಿಕ್ಕ ಕೋಣೆಯಲ್ಲಿ ಹೊಡೆದ ಕೂಡಲೇ ಪುಡಿಯ ಮೋಡ ಎದ್ದು ಬಾಗಿಲೇ ಕಾಣುವುದಿಲ್ಲ. ಆಮೇಲೆ ಆ ಪುಡಿ ಟಿವಿ, ಫ್ರಿಜ್, ಕಂಪ್ಯೂಟರ್ ಒಳಗೆ ಹೊಕ್ಕು ತುಕ್ಕು ಹಿಡಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಏನನ್ನೂ ಕೊಳಕು ಮಾಡುವುದಿಲ್ಲ, ಎಲೆಕ್ಟ್ರಾನಿಕ್ಸ್‌ಗೆ ಹೇಳಿ ಮಾಡಿಸಿದ್ದು. ಆದರೆ ಭಾರ, ತುಟ್ಟಿ, ಮುಚ್ಚಿದ ಚಿಕ್ಕ ಕೋಣೆಯಲ್ಲಿ ನಮ್ಮ ಉಸಿರಿಗೇ ಸಂಚಕಾರ. ಮೂತಿ ಹಿಡಿದರೆ ಚಳಿಗೆ ಚರ್ಮ ಸುಡುತ್ತದೆ. ಒಳಗೆ ಎಷ್ಟು ಉಳಿದಿದೆ ಎಂದು ತೋರಿಸುವ ಗೇಜ್ ಇರುವುದಿಲ್ಲ, ತೂಕ ಹಾಕಿಯೇ ನೋಡಬೇಕು. ಅಡುಗೆ ಎಣ್ಣೆಯ ಬೆಂಕಿಗೆ ಸರಿಯಾದದ್ದು ವೆಟ್ ಕೆಮಿಕಲ್ ಎಂಬ ದ್ರವ ತುಂಬಿದ ಸಿಲಿಂಡರ್. ಅದು ಎಣ್ಣೆಯ ಮೇಲೆ ಸೋಪಿನಂಥ ಪದರ ಕಟ್ಟಿ ತಣ್ಣಗೂ ಮಾಡುತ್ತದೆ. ದಿನವೂ ದೊಡ್ಡ ಬಾಣಲೆಯಲ್ಲಿ ಕರಿಯುವ ಮನೆಗೆ, ಮನೆಯಿಂದಲೇ ತಿಂಡಿ ಮಾಡಿ ಮಾರುವವರಿಗೆ ಇದು ಬೇಕು. ಉಳಿದವರಿಗೆ ಅಷ್ಟು ಖರ್ಚು ಬೇಡ.

ಗಾತ್ರದ ಪ್ರಶ್ನೆಗೆ ಬರೋಣ. ಒಂದು ಕಿಲೋದ್ದು ಕಾರಿಗೆ ಸರಿ. 6 ಕಿಲೋದ್ದು ಡಬ್ಬಿ ಸೇರಿ ಹತ್ತು ಕಿಲೋ ಹತ್ತಿರ ತೂಗುತ್ತದೆ, ಅಜ್ಜಿ ಗೋಡೆಯಿಂದ ಇಳಿಸಲಾರರು. ಮನೆಗೆ 2 ಕಿಲೋದ್ದು ಒಂದು ಒಳ್ಳೆಯ ನಡು ಆಯ್ಕೆ. ಗಟ್ಟಿ ಮುಟ್ಟಾದ ಆಳು ಇದ್ದರೆ 4 ಕಿಲೋ. ಅಂಗಡಿಯಲ್ಲೇ ಒಂದು ಕೈಯಲ್ಲಿ ಎತ್ತಿ ಹಿಡಿದು ನೋಡಿ, ನಾಚಿಕೆ ಏನಿಲ್ಲ. ಒಲೆಯ ಪಕ್ಕ ತೂಗುಹಾಕಬೇಡಿ, ಉರಿ ದಾಟಿ ಕೈ ಹಾಕಬೇಕಾಗುತ್ತದೆ. ಹೊರಬಾಗಿಲ ದಾರಿಯಲ್ಲಿ ಇರಲಿ. ತಿಂಗಳಿಗೊಮ್ಮೆ ಗೇಜಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಒಂದೇ ಒಂದು ಸಲ ‘ಚುಸ್’ ಅಂತ ಒತ್ತಿ ನೋಡಿದರೂ ರೀಫಿಲ್ ಮಾಡಿಸಲೇಬೇಕು. ವಾಲ್ವಿನಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ಮೆಲ್ಲಗೆ ಸೋರಿಹೋಗುತ್ತದೆ.

ಸ್ಪ್ರೇ ಡಬ್ಬಿಯಂಥ ಪುಟ್ಟ ಸಿಲಿಂಡರ್‌ಗಳೂ ಬಂದಿವೆ. ಹಗುರ, ಪಿನ್ ಇಲ್ಲ, ಯಾರು ಬೇಕಾದರೂ ಒತ್ತಬಹುದು. ಎರಡನೆಯದಾಗಿ ಇರಲಿ. ಅದೊಂದನ್ನೇ ನಂಬಬೇಡಿ.

ಬಾಣಲೆಗೆ ಹೊತ್ತಿದಾಗ: ಮುಚ್ಚಳ, ಬ್ಲಾಂಕೆಟ್

ಮನೆಯ ಬೆಂಕಿಗಳಲ್ಲಿ ಬಹಳಷ್ಟು ಅಡುಗೆಮನೆಯಲ್ಲೇ ಶುರುವಾಗುತ್ತವೆ. ಕಾದ ಎಣ್ಣೆಗೆ ನೀರು ಬಿದ್ದರೆ ನೀರು ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗುತ್ತದೆ. ಆವಿ ನೀರಿಗಿಂತ ಸುಮಾರು 1,700 ಪಟ್ಟು ಜಾಗ ಬೇಡುತ್ತದೆ. ಉರಿಯುವ ಎಣ್ಣೆಯನ್ನು ಹೊತ್ತುಕೊಂಡೇ ಚಾವಣಿಗೆ ಚಿಮ್ಮುತ್ತದೆ. ಪುಡಿಯ ಸಿಲಿಂಡರನ್ನು ಹತ್ತಿರದಿಂದ ಹೊಡೆದರೂ ಎಣ್ಣೆ ಎರಚಾಡುವ ಭಯ ಇದೆ.

ಹಾಗಾಗಿ ಇಲ್ಲಿ ಮೊದಲ ಸ್ಥಾನ ಮುಚ್ಚಳಕ್ಕೆ. ಬಾಣಲೆಯ ಅಳತೆಗೆ ಸರಿಯಾದ ಲೋಹದ ಮುಚ್ಚಳ ಕರಿಯುವಾಗ ಪಕ್ಕದಲ್ಲೇ ಇರಲಿ. ಪಕ್ಕದಿಂದ ಜಾರಿಸಿ ಮುಚ್ಚಿ, ಒಲೆ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ತೆರೆಯಬೇಡಿ. ಕುತೂಹಲಕ್ಕೆ ಎತ್ತಿ ನೋಡಿದರೆ ಗಾಳಿ ಸಿಕ್ಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡುವುದಂತೂ ಬೇಡವೇ ಬೇಡ.

ಫೈರ್ ಬ್ಲಾಂಕೆಟ್ ಅಗ್ಗ, ಒತ್ತಡ ಇಲ್ಲ, ರೀಫಿಲ್ ಇಲ್ಲ, ಕಲಿಯಲು ಒಂದು ನಿಮಿಷ ಸಾಕು. ಎರಡು ಪಟ್ಟಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಮೇಲಿನ ಅಂಚನ್ನು ಕೈ ಮೇಲೆ ಮಡಚಿ ಬೆರಳು ಮುಚ್ಚಿಕೊಂಡು, ನಮ್ಮ ಕಡೆಯಿಂದ ಆಚೆಗೆ ಹಾಸಬೇಕು. ಬಟ್ಟೆಗೆ ಬೆಂಕಿ ತಗುಲಿದವರಿಗೆ ಸುತ್ತುವುದಕ್ಕೂ ಇದೇ ಉಪಯೋಗಕ್ಕೆ ಬರುತ್ತದೆ. ಸಿಲಿಂಡರ್‌ಗೆ ಈ ಕೆಲಸ ಆಗದು. ತೀರಾ ಚಿಕ್ಕದು ತರಬೇಡಿ, 1.2 ಮೀಟರ್ ಚೌಕ ಇರಲಿ. ಆಳವಾದ ಪಾತ್ರೆ ತುಂಬ ಎಣ್ಣೆ ಉರಿಯುತ್ತಿದ್ದರೆ ಕಳಪೆ ಬ್ಲಾಂಕೆಟ್ ಸುಟ್ಟು ತೂತಾಗಬಹುದು, ಇಎನ್ 1869 ಎಂಬ ಯುರೋಪಿನ ಮಾನದಂಡದ ಗುರುತು ನೋಡಿ ಕೊಳ್ಳಿ. ಸಿಲಿಂಡರ್ ಮತ್ತು ಬ್ಲಾಂಕೆಟ್ ನಡುವೆ ಒಂದನ್ನೇ ಆರಿಸಬೇಕು ಎಂದರೆ ನಾನು ಬ್ಲಾಂಕೆಟ್ ಕಡೆ.

ಏಣಿ, ಮುಖವಾಡ, ಸ್ಪ್ರಿಂಕ್ಲರ್

ಕಿಟಕಿಗೆ ಸಿಕ್ಕಿಸಿ ಇಳಿಯುವ ಏಣಿ ನೆಲಮಹಡಿಯ ಮೇಲಿನ ಒಂದು, ಎರಡು ಮಹಡಿಗೆ ಆಗುತ್ತದೆ. ಕಿಟಕಿಗೆ ಭದ್ರವಾದ ಗ್ರಿಲ್ ಇದ್ದರೆ ಏಣಿ ದಂಡ. ಮೊದಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಗ್ರಿಲ್ ಮಾಡಿಸಿ. ಆ ಖರ್ಚು ಏಣಿಗಿಂತ ಸಾರ್ಥಕ. ಏಣಿಯಲ್ಲಿ ವಯಸ್ಸಾದವರು ಇಳಿಯುತ್ತಾರೆ ಅನ್ನುವ ಭ್ರಮೆಯೂ ಬೇಡ.

ಎತ್ತರದ ಫ್ಲ್ಯಾಟಿನವರು ಏಣಿ ಮರೆತುಬಿಡಿ. ಮೆಟ್ಟಿಲೇ ದಾರಿ, ಲಿಫ್ಟ್ ಅಲ್ಲ. ಮೆಟ್ಟಿಲಿನಲ್ಲೇ ಹೊಗೆ ತುಂಬಿದ್ದರೆ ಒಳಗೇ ಉಳಿದು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಕಾಣಿಸಿಕೊಂಡು, ಅಗ್ನಿಶಾಮಕ ದಳಕ್ಕೆ ಎಷ್ಟನೆಯ ಮಹಡಿ, ಯಾವ ಮನೆ ಎಂದು ಹೇಳಬೇಕು. ಮುಖವಾಡಗಳಲ್ಲಿ ಅಗ್ಗದವು ಹೊಗೆಯ ಕಣ ಮಾತ್ರ ಸೋಸುತ್ತವೆ, ಕಾರ್ಬನ್ ಮೊನಾಕ್ಸೈಡ್ ಸಲೀಸಾಗಿ ಒಳಬರುತ್ತದೆ. ಅದನ್ನು ಹಾಕಿಕೊಂಡವರು ಹೋಗಬಾರದ ಕಡೆ ಧೈರ್ಯದಿಂದ ಹೋಗುತ್ತಾರೆ. ನಾನು ಬೇಡ ಅನ್ನುತ್ತೇನೆ.

ಚಾವಣಿಯಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಮಾತ್ರ ಬೇರೆಯ ಮಟ್ಟದ್ದು, ತಾನೇ ಎಚ್ಚೆತ್ತು ತಾನೇ ಆರಿಸುತ್ತದೆ. ಒಂದು ಒಡೆದರೆ ಮನೆಯೆಲ್ಲ ನೀರಾಗುತ್ತದೆ ಎಂಬುದು ಸಿನಿಮಾ ಕತೆ. ಕೆಂಪು ಗಾಜಿನ ಕೊಳವೆ ಸುಮಾರು 68 ಡಿಗ್ರಿಗೆ ಒಡೆಯುತ್ತದೆ, ಬಿಸಿಯಾದ ಜಾಗದ್ದು ಮಾತ್ರ. ಹಳೆಯ ಮನೆಗೆ ಹಾಕಿಸುವುದು ಬಲು ದುಬಾರಿ. ಹೊಸದಾಗಿ ಕಟ್ಟುವವರು ಪ್ಲಂಬಿಂಗ್ ಹಂತದಲ್ಲೇ ವಿಚಾರಿಸಿ.

ಹಾಗಾದರೆ ಯಾರಿಗೆ ಯಾವುದು

ಕೈ ತೀರಾ ಬಿಗಿ ಇದ್ದರೆ ಮಲಗುವ ಜಾಗದ ಹೊರಗೆ ಒಂದು ಫೋಟೋಎಲೆಕ್ಟ್ರಿಕ್ ಅಲಾರಂ, ಅಡುಗೆಮನೆಯಲ್ಲಿ ಮುಚ್ಚಳ. ಇಷ್ಟಕ್ಕೆ ನಿಲ್ಲಿಸಬಹುದು, ಬೇಜಾರು ಬೇಡ. ಸ್ವಲ್ಪ ಉಳಿದರೆ ಬ್ಲಾಂಕೆಟ್. ಆಮೇಲೆ ಪ್ರತಿ ಮಲಗುವ ಕೋಣೆಗೆ ಒಂದೊಂದು ಅಲಾರಂ. ಸಿಲಿಂಡರ್ ಬರುವುದು ಅದಾದ ನಂತರ, 2 ಕಿಲೋ ಎಬಿಸಿ ಪುಡಿಯದ್ದು.

ಬಾಡಿಗೆ ಒಂಟಿ ಕೋಣೆಯವರು ಹತ್ತು ವರ್ಷದ ಬ್ಯಾಟರಿಯದ್ದನ್ನೇ ತಗೊಳ್ಳಿ, ಮನೆ ಬದಲಾಯಿಸುವಾಗ ಬಿಚ್ಚಿಕೊಂಡು ಹೋಗಬಹುದು. ಎರಡು ಮಹಡಿಯಲ್ಲಿ ಮಕ್ಕಳೊಂದಿಗೆ ಇರುವವರು ಸಿಲಿಂಡರ್ ದುಡ್ಡನ್ನೂ ಸೇರಿಸಿ ಜೋಡಿಸಿದ ಅಲಾರಂ ತರಲಿ. ಹಿರಿಯರಿಬ್ಬರೇ ಇರುವ ಮನೆಗೆ ತಗ್ಗು ಸದ್ದಿನ ಅಲಾರಂ, ಬ್ಲಾಂಕೆಟ್ ಸಾಕು. ಅವರ ಕೈಗೆ ಸಿಲಿಂಡರ್ ಕೊಟ್ಟು ಬೆಂಕಿಯ ಎದುರು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಹೊಸ ಮನೆ ಕಟ್ಟುತ್ತಿರುವವರು ಅಲಾರಂಗೆ ವೈರು ಎಳೆಸಿ, ಎಲೆಕ್ಟ್ರಿಷಿಯನ್ ಹತ್ತಿರ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬಗ್ಗೆಯೂ ಮಾತಾಡಿ. ಎಂಸಿಬಿ ಇದೆಯಲ್ಲ ಅಂದರೆ ಸಾಲದು. ಎಂಸಿಬಿ ಹೊರೆ ಜಾಸ್ತಿಯಾದಾಗ, ಶಾರ್ಟ್ ಆದಾಗ ಬೀಳುತ್ತದೆ. ಕರೆಂಟ್ ನೆಲಕ್ಕೆ ಸೋರುವುದನ್ನು ಹಿಡಿಯುವುದು ಆರ್‌ಸಿಸಿಬಿ.

ಎಲೆಕ್ಟ್ರಿಕ್ ಸ್ಕೂಟರ್ ಅಥವಾ ಸೈಕಲ್ ಬ್ಯಾಟರಿಯನ್ನು ಮನೆಯೊಳಗೆ ಚಾರ್ಜ್ ಮಾಡುವವರಿಗೆ ಒಂದು ಮಾತು. ಲಿಥಿಯಂ ಬ್ಯಾಟರಿ ಒಳಗಿನಿಂದಲೇ ಹೊತ್ತಿಕೊಂಡರೆ ಮೇಲೆ ಹೇಳಿದ ಯಾವ ಸಿಲಿಂಡರೂ ಅದನ್ನು ನಂಬಿಕೆಯಾಗಿ ಆರಿಸುವುದಿಲ್ಲ. ಆರಿದಂತೆ ಕಂಡು ಮತ್ತೆ ಹೊತ್ತುತ್ತದೆ. ಅದಕ್ಕೆ ವಸ್ತು ಕೊಳ್ಳುವುದಕ್ಕಿಂತ ಜಾಗ ಬದಲಾಯಿಸಿ. ಹೊರಬಾಗಿಲ ಪಕ್ಕ, ಮೆಟ್ಟಿಲ ಕೆಳಗೆ, ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಡಬೇಡಿ, ಎಲ್ಲರೂ ಮಲಗಿದ ಮೇಲೂ ಬೇಡ.

ಇನ್ನು ಅಂಗಡಿಗೆ ಹೊರಡುವವರಿಗೆ: ಅಲಾರಂ ಮೇಲೆ ಯುಎಲ್ 217 ಅಥವಾ ಇಎನ್ 14604, ಇಲ್ಲವೇ ನಿಮ್ಮ ದೇಶದ ಮಾನದಂಡದ ಗುರುತು ಇರಲಿ. ಡಬ್ಬಿ ತೆರೆಸಿ, ಅಲಾರಂ ತಿರುಗಿಸಿ, ಬೆನ್ನಿನ ಮೇಲಿನ ತಾರೀಖು ಓದಿ. ಸೆನ್ಸರಿನ 10 ವರ್ಷದ ಆಯಸ್ಸು ಎಣಿಕೆಯಾಗುವುದು ತಯಾರಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಎರಡು ವರ್ಷ ಗೋದಾಮಿನಲ್ಲಿ ಕೂತಿದ್ದರೆ ಆ ಎರಡು ವರ್ಷಕ್ಕೂ ನೀವೇ ದುಡ್ಡು ಕೊಡುತ್ತಿದ್ದೀರಿ. ಹಳೆಯದಾಗಿದ್ದರೆ ಬೇರೆ ಡಬ್ಬಿ ಕೇಳಿ.